ಅತ್ತೆಯ ಮೊಣಕಾಲು, ಮಾವನ ಜೀಪು

ನಮ್ಮ ಮಾವನಿಗೆ ಬ್ರೇಕಿನ ಮೇಲೆ ವೈಯಕ್ತಿಕ ದ್ವೇಷವಿದೆ ಎಂದರೆ ನೀವು ನಂಬಲಿಕ್ಕಿಲ್ಲ. ವೆಳ್ಳಕೋಯಿಲಿನಲ್ಲಿ ಮಗ್ಗ ಇಟ್ಟುಕೊಂಡಿರುವ ಈ ಮಹಾನುಭಾವರು ಹಳೆಯ ಜೀಪಿನಲ್ಲಿ ಹೊರಟರೆ ಬಸ್ಸುಗಳೇ ದಾರಿ ಬಿಡುತ್ತವೆ. ಗುಂಡಿ ಕಂಡರೆ ವೇಗ ಹೆಚ್ಚಿಸುತ್ತಾರೆ. ಹಾರಿಸಿಬಿಟ್ಟರೆ ಗುಂಡಿ ಗೊತ್ತೇ ಆಗುವುದಿಲ್ಲ ಎಂಬುದು ಅವರ ಸಿದ್ಧಾಂತ. ಪಕ್ಕದಲ್ಲಿ ಕೂತ ಅತ್ತೆ ಕಣ್ಣು ಮುಚ್ಚಿಕೊಂಡೇ ಅರ್ಧ ತಮಿಳುನಾಡು ಸುತ್ತಿದ್ದಾರೆ!

ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿರುವ ನಮ್ಮ ಮನೆಗೆ ನಾನು ಸೆಕೆಂಡ್‌ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದಾಗ ಮಾವ ಅದಕ್ಕೊಂದು ಪ್ರದಕ್ಷಿಣೆ ಹಾಕಿದರು.

"ಏನ್ಡಾ ಇದು, ಹಲ್ಲಿ ಹಂಗೆ ನೆಲಕ್ಕೆ ಅಂಟ್ಕೊಂಡೈತೆ? ಬಾಕಿ ವಂಡಿ ಎಲ್ಲಿ?"

ನನಗೆ ಮೈಯುರಿಯಿತು. ನೂರು ಮುಟ್ಟಿದರೂ ಅಲುಗದ ನನ್ನ ಕಾರೆಲ್ಲಿ, ಮೂವತ್ತಕ್ಕೇ ನಟ್ಟು ಬೋಲ್ಟೆಲ್ಲ ಕುಣಿಯುವ ಆ ಜೀಪೆಲ್ಲಿ?

ಹೋದ ತಿಂಗಳು ಅತ್ತೆಗೆ ಕೊಯಮತ್ತೂರಿನಲ್ಲಿ ಮೊಣಕಾಲಿನ ಆಪರೇಷನ್ ಆಯಿತು. ವೆಳ್ಳಕೋಯಿಲಿನ ಮನೆಗೆ ಕಳಿಸುವಾಗ ಡಾಕ್ಟರು ಎಚ್ಚರಿಸಿದರು: ಕಾಲು ಮಡಿಸಬಾರದು, ಕುಲುಕಬಾರದು, ಹೊಲಿಗೆ ಬಿಚ್ಚಿದರೆ ಮತ್ತೆ ಆಪರೇಷನ್ನೇ. ಆಂಬುಲೆನ್ಸಿಗೆ ಅತ್ತೆ ಒಪ್ಪಲಿಲ್ಲ.

"ಅದ್ರಲ್ಲಿ ಹೋಗಿ ಇಳಿದ್ರೆ ಹೆಣ ಬಂತು ಅಂತ ಬೀದಿಯೋರು ಮಾಲೆ ತಕ್ಕೊಂಡು ಬರ್ತಾರೆ."

ಉಳಿದದ್ದು ನನ್ನ ಕಾರು, ಮಾವನ ಜೀಪು. ನನ್ನ ಸೀಟಿನಲ್ಲಿ ಕೂತರೆ ಮೊಣಕಾಲು ಗಲ್ಲಕ್ಕೇ ಬರುತ್ತದೆ. ಜೀಪಿನ ಹಿಂದೆ ಕಾಲು ಚಾಚಿ ಮಲಗಬಹುದು. ಮಾವ ತಿರುಪ್ಪೂರಿನಿಂದ ಬನಿಯನ್ ಕಂಪನಿಯ ಚೂರು ಬಟ್ಟೆ ಮೂಟೆಗಟ್ಟಲೆ ತಂದು ಹಾಸಿಗೆಯನ್ನೂ ಮಾಡಿದ್ದರು. ಆದರೆ ಓಡಿಸುವವರು ಅವರೇ ಅಲ್ಲವೇ? ಕೀಲಿ ನನಗೆ ಕೊಡಿ ಎಂದೆ.

"ಈ ಗೇರ್ ನಿಂಗೆ ಬೀಳಾದಿಲ್ಲ ಡಾ" ಎಂದು ಹತ್ತಿ ಕೂತೇಬಿಟ್ಟರು. ನಾನು ಕಾರು ಹತ್ತಿ ಹಿಂದೆಯೇ ಹೊರಟೆ.

ಜೀಪು ಚಲಿಸುತ್ತಿದೆ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು! ಸೈಕಲ್ಲಿನವರೂ ನಮ್ಮನ್ನು ಹಿಂದೆ ಹಾಕಿದರು. ಪಲ್ಲಡದ ಹತ್ತಿರ ಬಸ್ಸಿನವನೊಬ್ಬ ತಲೆ ಹೊರಗೆ ಹಾಕಿ ಬೈದ, ಮಾವ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಪ್ರತಿ ರಸ್ತೆಯುಬ್ಬಿಗೂ ಮೊದಲು ಜೀಪು ನಿಲ್ಲುತ್ತಿತ್ತು. ತೆವಳಿದಂತೆ ಅದನ್ನು ದಾಟಿ, ಇಳಿದು ಹಿಂದೆ ಬಂದು, "ನೋವಾತಾ?" ಎಂದು ಕೇಳುತ್ತಿದ್ದರು. ಕಾಂಗೇಯಂ ದಾಟಿದ ಮೇಲೆ ಲಾರಿಯೊಂದು ಬೆನ್ನು ಹತ್ತಿತು. ನಾನು ದೀಪ ಮಿನುಗಿಸುತ್ತ ನಡುರಸ್ತೆಯಲ್ಲೇ ಕಾರು ಓಡಿಸಿದೆ. ಗುದ್ದುವುದಾದರೆ ಮೊದಲು ನನ್ನ ಕಾರಿಗೆ ಗುದ್ದಲಿ ಎನಿಸಿತು.

ಕತ್ತಲಾಗುವ ಮೊದಲು ಮನೆ ಬಂತು. ಬ್ಯಾಂಡೇಜಿನಲ್ಲಿ ಒಂದು ಹನಿ ರಕ್ತವಿರಲಿಲ್ಲ. ಮಾವನ ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು, ಸ್ಟೇರಿಂಗ್ ಬಿಗಿಹಿಡಿದ ಕೈ ಕೆಂಪಾಗಿತ್ತು. ಆ ಮನುಷ್ಯ ಅಷ್ಟು ಹೆದರಿದ್ದನ್ನು ನಾನು ಕಂಡಿರಲೇ ಇಲ್ಲ. ನನಗೆ ಅಳುವೇ ಬಂತು.

ಅತ್ತೆ ಆ ಕೈಯನ್ನು ಹಿಡಿದುಕೊಂಡರು.

"ಇನ್ನೊಂದು ಕಾಲೂ ನೋಯ್ತೈತೆ" ಎಂದರು. "ಅದನ್ನೂ ಮಾಡ್ಸಿಬಿಡಿ. ಇನ್ನೊಂದ್ಸಲ ಹಿಂಗೇ ಕರ್ಕೊಂಡ್ ಬನ್ನಿ."