ನನ್ನ ಕಪಿಲೆಯ ಇಳಿಜಾರನ್ನು ಅಳೆಸಿದ ಗಣಿತದ ಮೇಷ್ಟರಿಗೆ

ಮಾನ್ಯರೇ,

ನಮ್ಮ ಶಾಲೆಯ ಗಣಿತದ ಉಪಾಧ್ಯಾಯರಾದ ಗೋಪಾಲಪ್ಪನವರ ಸನ್ನಿಧಿಗೆ, ಸೂಳಗಿರಿಯ ಬಳಿ ಹೊಲವನ್ನೂ ಎತ್ತು ಹೂಡಿ ನೀರೆತ್ತುವ ಒಂದು ಕಪಿಲೆ ಬಾವಿಯನ್ನೂ ಯಾರ ಸಲಹೆಯನ್ನೂ ಕೇಳದೆ ನಡೆಸಿಕೊಂಡು ಬಂದಿರುವ ಲಕ್ಷ್ಮಿದೇವಮ್ಮ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ, ಅದಕ್ಕೆ ತಾವೇ ಕಾರಣ. ಸಂಗತಿ ಊರಿಗೆಲ್ಲ ಗೊತ್ತಾಗಿರುವುದರಿಂದ ಈ ಪತ್ರವನ್ನೂ ಊರೆಲ್ಲ ಓದುವಂತೆ ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಾನೂ ಹೈಸ್ಕೂಲು ಓದಿದವಳು. ನಮ್ಮ ಕಾಲದ ಗಣಿತ ಪುಸ್ತಕದೊಳಗೆ ಮರ್ಯಾದೆಯಿಂದ ಕುಳಿತಿರುತ್ತಿತ್ತು, ಮಕ್ಕಳ ಹಿಂದೆ ಮನೆಗೆ ಬರುತ್ತಿರಲಿಲ್ಲ. ತಾವಾದರೋ ಹಲಗೆಗೆ ಮೊಳೆ ಹೊಡೆದು, ದಾರ ಕಟ್ಟಿ ಚೌಕದ ಮನೆಗಳನ್ನು ಮಾಡಿ, ಹುಣಸೆಬೀಜವನ್ನು ಮೇಕೆಯೆಂದು ಕರೆದು, ಈ ಮೇಕೆ ಆರು ಮನೆ ಮುಂದೆ ಹೋಗಿ ಎರಡು ಮನೆ ಏರಿತು, ಇಷ್ಟೇ ಕಡಿದಾದ ಇನ್ನೊಂದು ದಾರಿ ಹುಡುಕಿರಿ ಎಂದು ಒಗಟು ಹಾಕಿ, ಗೆದ್ದವರಿಗೆ ಬೆಲ್ಲದ ಚೂರು ಕೊಡುತ್ತೀರಂತೆ. ಏರಿದ್ದನ್ನು ಸಾಗಿದ್ದರಿಂದ ಭಾಗಿಸಬೇಕೆಂಬ ಇಂಥ ಅಪಾಯದ ವಿದ್ಯೆಯನ್ನು ಬೆಲ್ಲ ಹಚ್ಚಿ ಮಕ್ಕಳ ಬಾಯಿಗಿಟ್ಟ ತಮ್ಮ ಜಾಣತನವನ್ನು ಎಷ್ಟು ಹೊಗಳಿದರೂ ಸಾಲದು.

ನನ್ನ ಮೊಮ್ಮಗಳು ಕನಕಮ್ಮ ಬೆಲ್ಲ ತಿಂದು ಮುಗಿಸಿ ಮನೆಗೆ ಬಂದು, ಮೇಕೆಯನ್ನು ಬಿಟ್ಟು ನಮ್ಮ ಎತ್ತುಗಳನ್ನು ಹಿಡಿದಳು. ನೀರೆತ್ತುವಾಗ ಅವು ಹಗ್ಗ ಎಳೆದುಕೊಂಡು ಇಳಿದು, ಮತ್ತೆ ಹಿಂದಕ್ಕೆ ಹೆಜ್ಜೆಯಿಟ್ಟು ಏರುವ ಇಳಿಜಾರು ನಾನೇ ಬಿಸಿಲಲ್ಲಿ ನಿಂತು ತೋಡಿಸಿದ್ದು. ಅಷ್ಟು ಕಡಿದಾದದ್ದು ಸಾನಮಾವಿನವರೆಗೆ ಹುಡುಕಿದರೂ ಸಿಗದು. ಪಕ್ಕದ ಹೊಲದ ಸೊಣ್ಣಪ್ಪನ ಇಳಿಜಾರನ್ನು ನಾನು ಹನ್ನೆರಡು ವರ್ಷದಿಂದ ಸೋಮಾರಿ ಹಾಸಿಗೆ ಎಂದೇ ಕರೆಯುತ್ತಿದ್ದೇನೆ. ಹುಡುಗಿ ಎರಡನ್ನೂ ಅಳೆದು ಬಂದು, ಕಪಿಲೆ ಹೊಡೆಯುವ ಮುನಿಶಾಮಿಯ ಎದುರಿಗೇ, "ಅಜ್ಜಿ, ನಮ್ದು ಎರಡು ಮೊಳ ಹೋದ್ರೆ ಒಂದು ಮೊಳ ಇಳೀತದೆ. ಸೊಣ್ಣಪ್ಪಣ್ಣಂದು ನಾಕಕ್ಕೆ ಒಂದು. ನಮ್ ಎತ್ತು ಮಂಡಿ ಊರೋದು ಅದಕ್ಕೇ" ಎಂದಳು.

ಎತ್ತು ಮೈಗಳ್ಳ, ಅದಕ್ಕೇ ಮಂಡಿಯೂರುತ್ತದೆ ಎಂದು ನಾನು ಎಂದೋ ತೀರ್ಪು ಕೊಟ್ಟಾಗಿತ್ತು. "ನಿನ್ ಲೆಕ್ಕ ತಪ್ಪಾದ್ರೆ ನಾಳೆಯಿಂದ ಸ್ಕೂಲು ಬಂದ್ ಕಣೇ" ಎಂದೆ. ಹುಡುಗಿಯ ಮುಖ ಬಿಳಿಚಿತು, ಕೈಯಲ್ಲಿದ್ದ ಅಳತೆಯ ಹಗ್ಗವನ್ನು ಮಾತ್ರ ಬಿಡಲಿಲ್ಲ. "ಸರಿಯಾದ್ರೆ?" ಎಂದಳು. ನನ್ನನ್ನು ಹಾಗೆ ಮರುಪ್ರಶ್ನೆ ಕೇಳಿದವರು ನಮ್ಮ ಮನೆಯಲ್ಲಿ ಅದುವರೆಗೆ ಇರಲಿಲ್ಲ. ಸರಿಯಾದರೆ ಹೈಸ್ಕೂಲು ಮುಗಿಯುವವರೆಗೆ ಕಳಿಸುತ್ತೇನೆ ಎಂದುಬಿಟ್ಟೆ.

ಪರೀಕ್ಷೆಗೆಂದು ನಮ್ಮ ಎತ್ತುಗಳನ್ನು ಸೊಣ್ಣಪ್ಪನ ಬಾವಿಗೆ ಹೊಡೆಸಿಕೊಂಡು ಹೋಗಬೇಕಾಯಿತು. "ಬಾರಮ್ಮ, ಸೋಮಾರಿ ಹಾಸಿಗೆ ಮೇಲೆ ನಿಮ್ ಎತ್ತೂ ವಸಿ ಸುಧಾರಿಸ್ಕೊಳ್ಲಿ" ಎಂದು ಆತ ಟವಲು ಕೊಡವಿ ಸ್ವಾಗತಿಸಿದ. ಅವು ಇಪ್ಪತ್ತು ಸಲ ನೀರೆತ್ತಿದವು, ಇಪ್ಪತ್ತು ಸಲ ಹಿಂದಕ್ಕೆ ಏರಿದವು. ಮುನಿಶಾಮಿಯ ಕೋಲು ಕಂಕುಳಿನಲ್ಲೇ ಇತ್ತು. ಒಂದು ಸಲವೂ ಮಂಡಿಯೂರದೆ ಆ ಪ್ರಾಣಿಗಳು ನನಗೆ ಮಾಡಿದ ದ್ರೋಹವನ್ನು ಹೇಗೆ ವರ್ಣಿಸಲಿ?

ಆದ್ದರಿಂದ ಮಹಾಶಯರೇ, ಹಿರಿಯರು ನಿಂತು ಮಾಡಿಸಿದ ಕೆಲಸಗಳಿಗೆ ಇಳಿಜಾರಿನ ಲೆಕ್ಕ ಅನ್ವಯಿಸುವುದಿಲ್ಲವೆಂದು ಒಂದು ಹೊಸ ಸೂತ್ರವನ್ನು ದಯಮಾಡಿ ಕಂಡುಹಿಡಿಯಬೇಕು. ಅದಾಗದಿದ್ದರೆ ಸೊಣ್ಣಪ್ಪ ಅಂದಿನಿಂದ ನಗುತ್ತಿರುವ ನಗುವನ್ನಾದರೂ ಯಾವುದರಿಂದಲೋ ಭಾಗಿಸಿ ಕಡಿಮೆ ಮಾಡಿಕೊಡಬೇಕು.

ನನ್ನ ಇಳಿಜಾರಿನ ಕೆಳತುದಿಗೆ ಮಣ್ಣು ತುಂಬಿಸಿದ್ದೇನೆ. ಇದು ಸೋತದ್ದಕ್ಕಲ್ಲ, ಮಣ್ಣು ಸುಮ್ಮನೆ ಬಿದ್ದಿತ್ತು. ಸೊಣ್ಣಪ್ಪನನ್ನು ಮೀರಿಸಬೇಕೆಂದು ಐದಕ್ಕೆ ಒಂದು ಮಾಡಿಸಲು ಹೊರಟಿದ್ದೆ. ಅಷ್ಟು ಚಪ್ಪಟೆಯಾದರೆ ಎತ್ತಿನ ಮೈಭಾರ ಹಗ್ಗಕ್ಕೆ ಒದಗುವುದಿಲ್ಲ ಎಂದು ಕನಕಮ್ಮ ನಾಲ್ಕಕ್ಕೆ ಒಂದರಲ್ಲೇ ತಡೆದಳು. ಹನ್ನೆರಡು ವರ್ಷದ ಹುಡುಗಿ ಕೈ ಅಡ್ಡ ಹಿಡಿದಳು, ಆರು ಜನ ಆಳುಗಳು ನನ್ನ ಮುಖ ನೋಡದೆ ಗುದ್ದಲಿ ಕೆಳಗಿಟ್ಟರು.

ಕೊಟ್ಟ ಮಾತಿನಂತೆ ಅವಳು ಸೋಮವಾರ ಶಾಲೆಗೆ ಬರುತ್ತಾಳೆ. ಮುಂದಿನ ವರ್ಷವೂ ಬರುತ್ತಾಳೆ, ಅದರ ಮುಂದಿನ ವರ್ಷವೂ. ತಮ್ಮ ಹಲಗೆಯ ಒಗಟುಗಳೆಲ್ಲ ಅವಳಿಗೆ ಮುಗಿದಿವೆಯಂತೆ. ಬೇರೆ ಕಟ್ಟಿಡಿ, ಕಷ್ಟದ್ದನ್ನೇ ಕಟ್ಟಿಡಿ.

ವಿಧಿಯಿಲ್ಲದೆ ತಮ್ಮ ವಿಶ್ವಾಸಿಯಾದ,
ಲಕ್ಷ್ಮಿದೇವಮ್ಮ

ತಾ. ಕ.: ತಮ್ಮ ತರಗತಿಯ ಹೆಂಚಿನ ಸೂರನ್ನೂ ಅವಳು ಅಳೆದಿದ್ದಾಳೆ. ನೀರು ಜಾರಿಹೋಗುವಷ್ಟು ಇಳಿಜಾರು ಅದಕ್ಕಿಲ್ಲವಂತೆ. ಮಳೆ ಬಂದಾಗ ತಾವು ಕೊಡೆ ಹಿಡಿದುಕೊಂಡೇ ಇಳಿಜಾರಿನ ಪಾಠ ಮಾಡುತ್ತೀರಂತೆ. ಮುನಿಶಾಮಿಗೆ ಈಗ ಬಿಡುವಿದೆ, ಸೂರು ಸರಿಮಾಡಲು ಕಳಿಸಲೇ?