ದೊಡ್ಡಪ್ಪನ ನಾಲ್ಕಾಣೆ ಗೇಟು

ನಮ್ಮ ದೊಡ್ಡಪ್ಪನಷ್ಟು ನ್ಯಾಯವಂತರು ನಾಪೋಕ್ಲಿನ ಸುತ್ತಮುತ್ತ ಇನ್ನೊಬ್ಬರಿರಲಿಲ್ಲ. ಇದ್ದಿದ್ದರೆ ನಾವೆಲ್ಲ ಊರು ಬಿಡಬೇಕಾಗುತ್ತಿತ್ತು!

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಶಾಲೆಗೆ ಹೋಗುವ ಹತ್ತಿರದ ದಾರಿ ದೊಡ್ಡಪ್ಪನ ಕಾಫಿ ತೋಟದೊಳಗೇ ಇತ್ತು. ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಶುರುವಾದರೆ ಆ ಕಿರುದಾರಿಯಲ್ಲಿ ಎತ್ತಿನ ಗಾಡಿಯೋ ಗಾಡಿ. ಒಂದು ದಿನ ಗಾಡಿಗೆ ದಾರಿ ಬಿಡಲು ಹೋಗಿ ಇಬ್ಬರು ಮಕ್ಕಳು ಪುಸ್ತಕದ ಸಮೇತ ಚರಂಡಿಗೆ ಬಿದ್ದರು. ಮರುದಿನವೇ ದೊಡ್ಡಪ್ಪ ಬಿದಿರಿನ ಗೇಟು ಹಾಕಿಸಿದರು. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಗಾಡಿಗೆ ನಾಲ್ಕಾಣೆ ಸುಂಕ, ಆಮೇಲೆ ಪುಕ್ಕಟೆ. ಸುಂಕದ ದುಡ್ಡು ಶಾಲೆಯ ಸೀಮೆಸುಣ್ಣಕ್ಕೆ. ಒಮ್ಮೆ ಅವರದೇ ಗಾಡಿ ಒಂಬತ್ತಕ್ಕೆ ಬಂತು. ದೊಡ್ಡಪ್ಪ ಇಳಿದು, ಡಬ್ಬಿಗೆ ನಾಲ್ಕಾಣೆ ಹಾಕಿ, ಗಾಡಿ ಹೊಡೆಯುವವನನ್ನು ಬೈದು, ಮತ್ತೆ ಹತ್ತಿ ಕುಳಿತರು!

ಗಾಡಿಗಳೆಲ್ಲ ಹತ್ತರ ಮೇಲೆ ಬರತೊಡಗಿದವು. ಶಾಲೆಗೆ ಸೀಮೆಸುಣ್ಣ ಬಂತು, ಮಕ್ಕಳಿಗೆ ದಾರಿ ಸಿಕ್ಕಿತು. ನನ್ನ ಓದು ನಿಂತಿತು. ಚಿಕ್ಕಂದಿನ ಜ್ವರದಲ್ಲಿ ನನ್ನ ಎಡಗಾಲು ಸೋತಿತ್ತು. ಮೊಯ್ದುವಿನ ಗಾಡಿಯಲ್ಲಿ ಮೂಟೆಗಳ ಮೇಲೆ ಕುಳಿತು ಶಾಲೆಗೆ ಹೋಗುತ್ತಿದ್ದವಳು ನಾನು. ಬಡವ ಮೊಯ್ದು ದಿನಾ ನಾಲ್ಕಾಣೆ ಎಲ್ಲಿಂದ ತರಬೇಕು?

ವಾರ ಕಳೆದ ಮೇಲೆ ದೊಡ್ಡಪ್ಪ ಮನೆಗೆ ಬಂದರು.

“ಎಂತ ಮಗಾ, ಸ್ಕೂಲ್‌ಗೆ ಹೋಕಿಲ್ಲೆನಾ?”

“ಮೊಯ್ದುನ ಗಾಡಿ ಈಗ ಹತ್ತ್ ಗಂಟೆ ಮೇಲೇ ಬಾದು ದೊಡ್ಡಪ್ಪ. ನಿಮ್ಮ ಗೇಟ್ ಉಟ್ಟಲ್ಲಾ.”

“ಅದೊಂದ್ ಗಾಡಿನ ಬಿಟ್ಟ್‌ಬುಡಿ ಭಾವ,” ಎಂದರು ಅಮ್ಮ.

“ಎಂಗೆ ಬುಡ್ದು? ನಾಳೆ ಎಲ್ಲರೂ ಗಾಡಿಲಿ ಒಂದೊಂದ್ ಮಗುನ ಕೂರ್ಸಿಕಂಡ್ ಬಂದವೆ!”

ನೋಡಿದಿರಾ ನ್ಯಾಯ? ಅಮ್ಮ ಒಳಗೆ ಹೋಗಿ ಪಾತ್ರೆ ಕುಕ್ಕಿದರು. ದೊಡ್ಡಪ್ಪ ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ನನಗೆ ಅವರ ಮೇಲೆ ಕೆಟ್ಟ ಕೋಪ ಬಂದಿತ್ತು.

ಮೂರನೇ ದಿನ ಬೆಳಿಗ್ಗೆ ಅಂಗಳದಲ್ಲಿ ಸೈಕಲ್ ಗಂಟೆ. ನೋಡಿದರೆ ದೊಡ್ಡಪ್ಪ.

“ಸೈಕಲ್‌ಗೆ ಸುಂಕ ಇಲ್ಲೆ. ಹತ್ತ್ ಮಗಾ.”

ಕ್ಯಾರಿಯರ್ ಮೇಲೆ ಗೋಣಿ ಮಡಚಿ ಹಾಸಿದ್ದರು. ನಾನು ಕುಳಿತೆ, ಅವರು ನೂಕಿಕೊಂಡು ಹೊರಟರು. ಏರಿನಲ್ಲಿ ನೂಕಿದರು, ಸರಿ. ಇಳಿಜಾರಿನಲ್ಲೂ ಬ್ರೇಕ್ ಹಿಡಿದು ನಡೆದರು. ಸಮದಾರಿ ಬಂದರೂ ನಡೆಯುತ್ತಲೇ ಇದ್ದರು.

“ನೀವೂ ಹತ್ತಿ ದೊಡ್ಡಪ್ಪ.”

“ನಂಗೆ ಸೈಕಲ್ ಬಿಡಿಕೆ ಗೊತ್ತಿಲ್ಲೆ ಮಗಾ.”

ಸೈಕಲ್ಲಿನ ಹ್ಯಾಂಡಲ್‌ಗೆ ಸುತ್ತಿದ್ದ ಅಂಗಡಿಯ ಕಾಗದವನ್ನು ಆಗ ನೋಡಿದೆ. ಇನ್ನೂ ಬಿಚ್ಚಿರಲಿಲ್ಲ. ಅವರು ಮುಂದೆ ನೋಡಿಕೊಂಡು ನೂಕುತ್ತಿದ್ದರು. ನಾನು ಹಿಂದೆ ಕುಳಿತು, ಅವರಿಗೆ ಕೇಳಿಸದ ಹಾಗೆ ಅತ್ತೆ.