ತಮ್ಮ ಎಂಟು ನಿಮಿಷದ ಪಾಸ್ತಾ

ಇವರಿಗೆ,
ಮಾನ್ಯ ಶ್ರೀ ಸುಧಾಕರ್ ಅವರು,
'ಮನೆಯಲ್ಲೇ ವಿದೇಶ' ಅಡುಗೆ ವಾಹಿನಿ,
ಮೊಬೈಲಿನೊಳಗೆ.

ಇವರಿಂದ,
ಶ್ರೀನಿವಾಸಪ್ಪ, ಮಾಜಿ ಗುಮಾಸ್ತ, ಗಣಿಯ ಟೈಮ್ ಆಫೀಸು,
ಚಾಂಪಿಯನ್ ರೀಫ್ಸ್, ಕೆ.ಜಿ.ಎಫ್.

ವಿಷಯ: ಓವನ್ನಿನಲ್ಲಿ ಬೇಯಿಸುವ ಪಾಸ್ತಾ ಕುರಿತ ತಮ್ಮ ವಿಡಿಯೊ, ಹಾಗೂ ಅದರಿಂದ ನನ್ನ ಸೊಸೆಗೆ ಕೈತಪ್ಪಿದ ಕೆಲಸ.

ಮಾನ್ಯರೇ,

ತಮ್ಮ ಒಲೆ ಆರದಿರಲಿ, ತಮ್ಮ ನಲ್ಲಿಯಲ್ಲಿ ದಿನವೂ ನೀರು ಬರಲಿ, ತಾವು ತೋರಿಸುವ ಗಂಟೆಯ ಗುರುತನ್ನು ಒತ್ತುವವರ ಸಂಖ್ಯೆ ದಿನದಿಂದ ದಿನಕ್ಕೆ ಬೆಳೆಯಲಿ ಎಂದು ಮನಸಾರೆ ಹಾರೈಸುತ್ತಾ, ಚಾಂಪಿಯನ್ ರೀಫ್ಸಿನ ಸಾಲುಮನೆಯೊಂದರಿಂದ ಈ ಮುದುಕ ಕೈಮುಗಿದು ಬರೆಯುವುದೇನೆಂದರೆ: ಪಿಂಚಣಿ ಬಾರದವರಿಗೆ, ಪಡಿತರ ಚೀಟಿಯಲ್ಲಿ ಹೆಸರು ಬಿಟ್ಟುಹೋದವರಿಗೆ, ಇನ್ನೂ ಬದುಕಿದ್ದೇವೆಂದು ರುಜುವಾತು ಮಾಡಬೇಕಾದವರಿಗೆ ನಲವತ್ತು ವರ್ಷಗಳಿಂದ ಅರ್ಜಿ ಬರೆದುಕೊಟ್ಟಿರುವ ನಾನು, ತಹಶೀಲ್ದಾರರಿಂದ ಹಿಡಿದು ದೆಹಲಿಯ ಮಂತ್ರಿಗಳವರೆಗೆ ಎಲ್ಲರನ್ನೂ ಮಾನ್ಯರೇ ಎಂದು ಕರೆದಿದ್ದೇನೆ, ಅಡುಗೆಯವರೊಬ್ಬರನ್ನು ಹಾಗೆ ಕರೆಯುತ್ತಿರುವುದು ಇದೇ ಮೊದಲು. ಅವರಲ್ಲಿ ಯಾರೂ ನನಗೆ ಉತ್ತರ ಬರೆದವರಲ್ಲವಾದ್ದರಿಂದ ತಾವು ಬರೆಯದಿದ್ದರೂ ನನಗೇನೂ ಬೇಸರವಿಲ್ಲ.

ನನ್ನ ಸೊಸೆ ತ್ರಿವೇಣಿಯನ್ನು ತಾವು ಬಲ್ಲವರಲ್ಲ. ಸದರಿ ವಿಡಿಯೊವನ್ನು ನೋಡಿದವರು ಐದು ಲಕ್ಷ ಎಂದು ತಾವು ಬರೆದುಕೊಂಡಿದ್ದೀರಲ್ಲ, ಅದರಲ್ಲಿ ಹನ್ನೊಂದು ಮಂದಿ ಆಕೆಯೊಬ್ಬಳೇ, ಏಕೆಂದರೆ ಆಕೆ ಅದನ್ನು ಹನ್ನೊಂದು ಸಲ ನೋಡಿದ್ದಾಳೆ, ಅದೂ ನಿಂತುಕೊಂಡು. ಬೆಳಗಿನ ಮೊದಲ ರೈಲನ್ನು ಚಾಂಪಿಯನ್ ನಿಲ್ದಾಣದಲ್ಲಿ ಹತ್ತಿ, ಬಂಗಾರಪೇಟೆ ಬರುವಷ್ಟರಲ್ಲಿ ಕಾಲೂರಲೂ ಜಾಗವಿಲ್ಲದಂತಾಗುವ ಡಬ್ಬಿಯಲ್ಲಿ ಜೋತುಕೊಂಡು, ವೈಟ್‌ಫೀಲ್ಡಿನ ಕಚೇರಿಯೊಂದರ ನೆಲ ಒರೆಸಲು ಏಳು ವರ್ಷದಿಂದ ಹೋಗಿಬರುತ್ತಿದ್ದಾಳೆ. ಲಾರಿ ಓಡಿಸುವ ನನ್ನ ಮಗ ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಮೊಮ್ಮಗಳು ಮೀನಾಳಿಗೆ ಅಮ್ಮನೆಂದರೆ ಭಾನುವಾರ. ಹೀಗಿರುವಾಗ ಬಂಗಾರಪೇಟೆಯ ಹೊರಗಿನ ಕಾರ್ಖಾನೆಯೊಂದರ ಅತಿಥಿಗೃಹಕ್ಕೆ ಅಡುಗೆಯವರು ಬೇಕಾಗಿದ್ದಾರೆಂದೂ, ಅಲ್ಲಿ ಯಂತ್ರ ಜೋಡಿಸಲು ಬಂದಿರುವ ಅಮೆರಿಕದ ಎಂಜಿನಿಯರುಗಳು ತಮ್ಮೂರಿನ ಓವನ್ ಪಾಸ್ತಾಕ್ಕೆ ಬಾಯಿಬಾಯಿ ಬಿಡುತ್ತಿದ್ದಾರೆಂದೂ, ಭಾನುವಾರ ಮಧ್ಯಾಹ್ನ ಎಂಟು ಜನರಿಗಾಗುವಷ್ಟು ಮಾಡಿತಂದು ಮೆಚ್ಚಿಸಿದವರಿಗೆ ಕೆಲಸವೆಂದೂ ಅಲ್ಲಿನ ಮೇಲ್ವಿಚಾರಕರಾದ ಶ್ರೀಧರ್ ಎಂಬುವರು ಹೇಳಿಕಳಿಸಿದರು. ಆ ಕೆಲಸ ಸಿಕ್ಕಿದ್ದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಆಕೆ ಮನೆಯಲ್ಲಿರುತ್ತಿದ್ದಳು. ನಮಗೆ ಬೇಕಾಗಿದ್ದುದು ಅಷ್ಟೇ.

ತಮ್ಮ ವಿಡಿಯೊವನ್ನು ಹೊಗಳಲು ನನ್ನಲ್ಲಿರುವ ಮಾತು ಸಾಲದು. ಪಾಸ್ತಾದ ಮುಖ ಕಾಣಿಸುವುದಕ್ಕೆ ಮುಂಚೆ ಆರು ನಿಮಿಷ ಕಾಲ ತಾವು ಮಾಡಿದ ನ್ಯೂಯಾರ್ಕ್ ಪ್ರವಾಸ, ಅಲ್ಲಿ ಕಂಡ ಇಟಲಿಯವರ ಬೀದಿ, ಆ ಬೀದಿಯ ಅಜ್ಜಿಯೊಬ್ಬರು ತಮ್ಮ ಕೆನ್ನೆ ಸವರಿದ್ದು, ಇಷ್ಟನ್ನೂ ವಿವರವಾಗಿ ತಿಳಿಸಿ, ಹಸಿದವರಿಗೆ ತಾಳ್ಮೆಯೆಂಬ ಮೊದಲ ಪದಾರ್ಥವನ್ನು ಧಾರಾಳವಾಗಿ ಬಡಿಸಿದಿರಿ. ಇಟಲಿಯ ಬಡವರು ಅಮೆರಿಕಕ್ಕೆ ವಲಸೆ ಹೋಗಿ, ವಾರವೆಲ್ಲ ಕೂಲಿ ಮಾಡಿ, ಭಾನುವಾರ ಮನೆಮಂದಿಯೆಲ್ಲ ಒಂದೇ ಟ್ರೇಯಿಂದ ಹೊಟ್ಟೆತುಂಬ ತಿನ್ನಲೆಂದು ಕಂಡುಕೊಂಡ ಅಡುಗೆ ಇದು ಎಂದು ತಾವೇ ಹೇಳಿದಿರಿ. ಕೂಲಿಯವರ ಅಡುಗೆ ಎಂದು ಕೇಳಿದ ಕೂಡಲೇ ನಮಗೆ ಧೈರ್ಯ ಬಂತು. ಮರುಕ್ಷಣವೇ "ಎಲ್ಲರ ಮನೆಯಲ್ಲೂ ಇರುವ ಸಾಮಾನು" ಎನ್ನುತ್ತಾ ಮೂರು ಬಗೆಯ ಚೀಸನ್ನು ಅಮೃತಶಿಲೆಯ ಕಟ್ಟೆಯ ಮೇಲೆ ಮದುಮಕ್ಕಳ ಹಾಗೆ ಸಾಲಾಗಿ ಕೂರಿಸಿ ಆ ಧೈರ್ಯವನ್ನು ವಾಪಸು ಪಡೆದಿರಿ. ಒಂದು ನೂಲಿನಂತೆ ಎಳೆಯುವ ಚೀಸು, ಒಂದು ತುರಿದು ಉದುರಿಸುವ ಚೀಸು, ಒಂದು ಮೆತ್ತನೆಯ ಬಿಳಿ ಚೀಸು. ಬಂಗಾರಪೇಟೆಯ ಅಂಗಡಿಯವನು, "ಚೀಸ್ ಅಂದ್ರೆ ಒಂದೇ ಕಣಕ್ಕಾ, ಮೂರು ಬೇಕಂದ್ರೆ ಅದ್ನೇ ಮೂರು ಡಬ್ಬಿ ತಕೊಂಡೋಗು" ಎಂದ. ಮೆತ್ತನೆಯ ಬಿಳಿ ಚೀಸಿನ ಜಾಗಕ್ಕೆ ನನ್ನ ಹೆಂಡತಿ ಅಮ್ಮಾಜಮ್ಮ ಹಾಲಿಗೆ ನಿಂಬೆಹಣ್ಣು ಹಿಂಡಿ ಒಡೆಸಿ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದಳು. "ಬಾಟಲಿಯಲ್ಲಿ ಮಿಕ್ಕಿರುವ ವೈನ್ ಇದ್ದರೆ ಸೇರಿಸಿ" ಎಂಬ ತಮ್ಮ ಸಲಹೆಯನ್ನು ಮಾತ್ರ ಪಾಲಿಸಲಾಗಲಿಲ್ಲ, ಏಕೆಂದರೆ ನಮ್ಮ ಸಾಲಿನಲ್ಲಿ ಬಾಟಲಿಯಲ್ಲಿ ಮಿಕ್ಕಿಸುವ ಪದ್ಧತಿ ಇಲ್ಲ.

ಕೋಲಾರ ಸೀಮೆಯವರಿಗೆ ಟೊಮೆಟೊವನ್ನು ತಗಡಿನ ಡಬ್ಬಿಯಿಂದ ತೆಗೆಯಿರಿ ಎಂದು ಉಪದೇಶಿಸಿದ ಮೊದಲ ಮಹನೀಯರು ತಾವು. ಬೆಲೆ ಬಿದ್ದ ವರ್ಷ ಟ್ರ್ಯಾಕ್ಟರುಗಟ್ಟಲೆ ಹಣ್ಣನ್ನು ರಸ್ತೆ ಪಕ್ಕದಲ್ಲಿ ಸುರಿದುಹೋಗುವ ಈ ಸೀಮೆಯಲ್ಲಿ ಆ ಡಬ್ಬಿಯನ್ನು ತಂದಿಟ್ಟುಕೊಂಡರೆ ಬೀದಿಯ ನಾಯಿಯೂ ನಕ್ಕೀತು. ತ್ರಿವೇಣಿ ಇದೊಂದು ವಿಷಯದಲ್ಲಿ ತಮ್ಮ ಮಾತು ಮೀರಿ, ಸಂತೆಯ ಹಣ್ಣನ್ನು ಬಿಸಿನೀರಿಗೆ ಹಾಕಿ ಸಿಪ್ಪೆ ಸುಲಿದು, ಈರುಳ್ಳಿ ಬೆಳ್ಳುಳ್ಳಿ ಕೈಮಾ ಸೇರಿಸಿ ಎರಡು ಗಂಟೆ ಸಣ್ಣ ಉರಿಯಲ್ಲಿ ಕುದಿಸಿದಳು. ಆ ವಾಸನೆಗೆ ಪಕ್ಕದ ಮನೆಯ ಮುನಿಗಂಗಮ್ಮ ಬಟ್ಟಲು ಹಿಡಿದುಕೊಂಡೇ ಬಂದರು. ತಮ್ಮಿಂದ ಕಲಿಯದ ಆ ಒಂದು ಭಾಗದಲ್ಲಿ ಯಾವ ತಪ್ಪೂ ಇರಲಿಲ್ಲ ಎಂಬುದನ್ನು ಗೌರವಪೂರ್ವಕವಾಗಿ ದಾಖಲಿಸುತ್ತೇನೆ.

"ಓವನ್ನನ್ನು ನೂರ ಎಂಬತ್ತು ಡಿಗ್ರಿಗೆ ಮೊದಲೇ ಕಾಯಿಸಿಟ್ಟುಕೊಳ್ಳಿ" ಎಂದಿರಿ. ಇಲ್ಲಿ ಓವನ್ ಎಂಬುದು ಅಡುಗೆಮನೆಯಲ್ಲಿರುವುದಲ್ಲ, ಬೀದಿಯಲ್ಲಿರುವುದು. ಗಣಿಯ ದೊರೆಗಳಿದ್ದ ಕಾಲದಿಂದಲೂ ಡಿಸೆಂಬರ್ ಬಂತೆಂದರೆ ಮನೆಯಲ್ಲಿ ಕೇಕಿನ ಹಿಟ್ಟು ಕಲೆಸಿದವರೆಲ್ಲ ಟ್ರೇಗೆ ಹೆಸರಿನ ಚೀಟಿ ಸಿಕ್ಕಿಸಿ ಬೇಕರಿಯ ಸೌದೆ ಒಲೆಗೆ ಕೊಂಡುಹೋಗಿ ಬೇಯಿಸಿಕೊಂಡು ಬರುವುದು ನಮ್ಮೂರ ವಾಡಿಕೆ. ಡಿಸೆಂಬರ್ ಅಲ್ಲದ ತಿಂಗಳಲ್ಲಿ, ಕೇಕಲ್ಲದ ಟ್ರೇ ಹೊತ್ತು ಬಂದ ತ್ರಿವೇಣಿ ನೂರ ಎಂಬತ್ತು ಡಿಗ್ರಿ ಎಂದಾಗ ಬೇಕರಿಯ ಅಂಬರೀಶ್, "ಡಿಗ್ರಿ ಎಲ್ಲಾ ನಂಗೊತ್ತಿಲ್ಲಕ್ಕಾ, ಬನ್ನು ತೆಗೆದ್ಮೇಲಿನ ಬಿಸಿ ಸಾಕಾ, ಬ್ರೆಡ್ಡು ಇಡೋ ಬಿಸಿ ಬೇಕಾ" ಎಂದು ಕೇಳಿದರಂತೆ. ಬನ್ನು ತೆಗೆದ ಮೇಲಿನ ಬಿಸಿ ಸಾಕೆಂದು ಆಕೆ ಊಹಿಸಿದ್ದು ಸರಿಯಾಗಿಯೇ ಇತ್ತು. ಮೇಲಿನ ಚೀಸು ತಮ್ಮದಕ್ಕಿಂತ ಹದವಾಗಿ ಕೆಂಪಗೆ ಬಂದಿತ್ತು. ಆದ್ದರಿಂದ ಒಲೆಯ ಮೇಲೆ ನನ್ನ ದೂರಿಲ್ಲ.

ದೂರಿರುವುದು ತಮ್ಮ ಎಂಟು ನಿಮಿಷದ ಮೇಲೆ. "ಪಾಸ್ತಾವನ್ನು ಎಂಟೇ ನಿಮಿಷ ಬೇಯಿಸಿ ಬಸಿದುಬಿಡಿ, ಪೂರ್ತಿ ಬೇಯಬಾರದು, ಹಲ್ಲಿಗೆ ಸಿಗಬೇಕು" ಎಂದು ತಾವು ನಗುನಗುತ್ತಾ ಹೇಳಿದಿರಿ. ಮುದ್ದೆ ಉಣ್ಣುವವರಿಗೆ ಹೇಳುವ ಮಾತೇ ಇದು? ನಾವು ಮುದ್ದೆಯನ್ನು ಅಗಿಯುವವರಲ್ಲ, ಸಾರಿನಲ್ಲಿ ಹೊರಳಿಸಿ ನುಂಗುವವರು. ಹಲ್ಲಿಗೆ ಏನಾದರೂ ಸಿಕ್ಕಿತೆಂದರೆ ಅದು ಬೇಯದ ಹಿಟ್ಟಿನ ಗಂಟು, ಅಂಥ ಗಂಟನ್ನು ನೆಂಟರಿಗೆ ಬಡಿಸಿದ ಮನೆಗೆ ಹೆಣ್ಣು ಕೊಡುವವರು ಎರಡು ಸಲ ಯೋಚಿಸುತ್ತಾರೆ. ಟ್ರೇಗೆ ತುಂಬಿದ ಮೇಲೆ ಒಲೆಯ ಶಾಖದಲ್ಲಿ ಅದು ಇನ್ನೊಮ್ಮೆ ಬೇಯುತ್ತದೆ, ಅದಕ್ಕಾಗಿ ಈಗ ಅರ್ಧ ಬೇಯಿಸುತ್ತಿದ್ದೇವೆ ಎಂಬ ಒಂದೇ ಒಂದು ವಾಕ್ಯವನ್ನು ತಾವು ಸೇರಿಸಬಹುದಾಗಿತ್ತು. ತಮ್ಮ ಕೆನ್ನೆ ಸವರಿದ ಅಜ್ಜಿಗೆ ಎರಡು ನಿಮಿಷ ಸಿಕ್ಕಿತು, ಆ ವಾಕ್ಯಕ್ಕೆ ಜಾಗ ಸಿಗಲಿಲ್ಲ. ಇನ್ನು "ಬೇಯಿಸಿದ ನೀರನ್ನು ಒಂದು ಬಟ್ಟಲು ಎತ್ತಿಡಿ" ಎಂದು ತಾವು ಹೇಳುವುದರೊಳಗೆ ಅಮ್ಮಾಜಮ್ಮ ಅದನ್ನು ಅನ್ನದ ಗಂಜಿಯ ಹಾಗೆ ಕಲಗಚ್ಚಿನ ಬಕೆಟ್ಟಿಗೆ ಬಸಿದಾಗಿತ್ತು. ತಮ್ಮ ಅಡುಗೆಯನ್ನು ಯಾವ ತಕರಾರೂ ಇಲ್ಲದೆ ಮೆಚ್ಚಿದ್ದು ಮುನಿಗಂಗಮ್ಮನವರ ಹಸು ಮಾತ್ರ.

ಅತಿಥಿಗೃಹಕ್ಕೆ ನಾನೂ ಹೋಗಿದ್ದೆ. ತೊಡೆಯ ಮೇಲೆ ಗೋಣಿಚೀಲ, ಅದರ ಮೇಲೆ ಟವೆಲು, ಅದರ ಮೇಲೆ ಬಿಸಿ ಟ್ರೇ ಇಟ್ಟುಕೊಂಡು ಆಟೋದಲ್ಲಿ ಕೂತಿದ್ದೆ. ಪಕ್ಕದಲ್ಲಿ ತ್ರಿವೇಣಿ ಮದುವೆಗೆ ಉಡುವ ಸೀರೆ ಉಟ್ಟು ಕೂತಿದ್ದಳು. ಶ್ರೀಧರ್ ಅವರು ಚಾಕುವಿನಿಂದ ಕೊಯ್ದರು. ಚೌಕಾಕಾರದ ಗಟ್ಟಿ ತುಂಡೊಂದು ಆವಿಯಾಡುತ್ತಾ ಎದ್ದುಬಂತು, ಅದರಲ್ಲಿ ಪಾಸ್ತಾದ ಒಂದೇ ಒಂದು ಕೊಳವೆಯೂ ಕಾಣಲಿಲ್ಲ. ಅವರು ಚಮಚದಿಂದ ಅತ್ತಿತ್ತ ಕೆದಕಿ ನೋಡಿ, "ಸಾಸ್ ಚೆನ್ನಾಗಿದೆ, ಚೀಸೂ ಚೆನ್ನಾಗಿದೆ. ಪಾಸ್ತಾ ಎಲ್ಲಮ್ಮಾ?" ಎಂದರು. ಅವಮಾನ ಮಾಡಲೆಂದು ಕೇಳಿದ್ದಲ್ಲ, ಆ ಮನುಷ್ಯ ನಿಜವಾಗಿಯೂ ಹುಡುಕುತ್ತಿದ್ದರು. ಅಮೆರಿಕದ ಹಿರಿಯರೊಬ್ಬರು ಮರ್ಯಾದೆಗೆಂದು ಎರಡು ತುತ್ತು ತಿಂದು ನೀರು ಕುಡಿದರು. ಕೆಲಸ ಮಾಲೂರಿನ ಕಡೆಯ ಬೇರೊಬ್ಬರಿಗೆ ಆಯಿತು.

ಅಂದಿನಿಂದ ತ್ರಿವೇಣಿ ಮತ್ತೆ ಅದೇ ರೈಲಿನಲ್ಲಿ, ಅದೇ ವಿಡಿಯೊ. "ಗಡಿಯಾರ ನೋಡ್ಕೊಂಡೇ ಇಳಿಸ್ದೆ ಮಾವ, ಎಂಟೇ ನಿಮಿಷ. ಆದ್ರೂ ಅದೆಂಗೆ ಅಂಗಾಯ್ತೋ. ನನ್ ಕೈಗೇ ದೊಡ್ಡ ಅಡುಗೆ ಒಗ್ಗಲ್ಲ ಬುಡಿ" ಎನ್ನುತ್ತಾಳೆ. ಊರಿನ ಅರ್ಧ ನಾಮಕರಣಗಳಿಗೆ ಸಾರು ಮಾಡಿದ ಕೈ ಅದು. ಈಗ ಯಾರಾದರೂ ಕರೆದರೆ ಬರುವುದಿಲ್ಲ ಎನ್ನುತ್ತಿದ್ದಾಳೆ.

ಆದುದರಿಂದ ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ, ತಮ್ಮ ಅಮೃತಶಿಲೆಯ ಕಟ್ಟೆ, ದಿನವೂ ನೀರು ಬರುವ ನಲ್ಲಿ ಮತ್ತು ನ್ಯೂಯಾರ್ಕಿನ ಆ ಅಜ್ಜಿ, ಈ ಮೂರನ್ನೂ ರಿಜಿಸ್ಟರ್ಡ್ ಅಂಚೆಯಲ್ಲಿ ನಮ್ಮ ವಿಳಾಸಕ್ಕೆ ಕಳುಹಿಸುವ ಕೃಪೆ ಮಾಡಬೇಕು. ತಾವು ಸ್ವತಃ ಒಂದು ಸೋಮವಾರ ಚಾಂಪಿಯನ್ ನಿಲ್ದಾಣದಲ್ಲಿ ರೈಲು ಹತ್ತಿ, ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ತಮ್ಮದೇ ವಿಡಿಯೊ ನೋಡುತ್ತಾ ವೈಟ್‌ಫೀಲ್ಡಿನವರೆಗೆ ಬಂದು, ಅಷ್ಟರಲ್ಲಿ ಏನು ಕಲಿತಿರೆಂದು ಒಪ್ಪಿಸಬೇಕು. ಕೊನೆಯದಾಗಿ, ಎಂಟು ನಿಮಿಷ ಎಂದದ್ದು ತಪ್ಪಾಯಿತು, ಐದೇ ನಿಮಿಷ ಬೇಯಿಸಬೇಕಾಗಿತ್ತು, ನಮ್ಮ ಮಾತು ನಂಬಿ ಮಾಡಿದವರ ಕೈಯಲ್ಲಿ ಯಾವ ದೋಷವೂ ಇಲ್ಲ ಎಂದು ಮುಂದಿನ ವಿಡಿಯೊದಲ್ಲಿ ಕ್ಯಾಮೆರಾ ನೋಡಿಕೊಂಡು ಹೇಳಬೇಕು. ಮೊದಲೆರಡು ಬೇಡಿಕೆಗಳನ್ನು ಕೈಬಿಟ್ಟರೂ ಸರಿಯೇ, ಇದೊಂದನ್ನು ನಡೆಸಿಕೊಡಿ.

ಎಂಟು ನಿಮಿಷ ತಪ್ಪಲ್ಲವೆಂದು ನನಗೆ ಗೊತ್ತು. ಆ ಭಾನುವಾರ ತ್ರಿವೇಣಿ ಗಡಿಯಾರ ನೋಡಿಯೇ ಪಾಸ್ತಾ ಇಳಿಸಿ, ಅತ್ತೆಯಿಂದ ಬಸಿಸಿ, ಮುಚ್ಚಿಟ್ಟಿದ್ದಳು. ಅಷ್ಟರಲ್ಲಿ ಹದಿನಾರು ದಿನದ ಮೇಲೆ ನಲ್ಲಿಯಲ್ಲಿ ನೀರು ಬಂತೆಂದು ಬೀದಿಯಲ್ಲಿ ಕೂಗೆದ್ದು, ಕೊಡಗಳನ್ನು ಹಿಡಿದು ಓಡಿದಳು. ನಾನು ಮುಚ್ಚಳ ತೆಗೆದು ಒಂದು ಕೊಳವೆಯನ್ನು ಬಾಯಿಗೆ ಹಾಕಿಕೊಂಡೆ. ನಡುವೆ ಗಟ್ಟಿ. ಬೇಯದ ಊಟ ಕೊಂಡುಹೋಗಿ ಪರದೇಶದವರ ಮುಂದೆ ಹುಡುಗಿಯ ಮಾನ ಹೋಗುತ್ತದಲ್ಲ ಎಂದು ನನಗೆ ದಿಗಿಲಾಯಿತು. "ಅವ್ಳು ಬರ್ಲಿ ತಡೀರಿ, ಕೇಳಾನ" ಎಂದು ಅಮ್ಮಾಜಮ್ಮ ಹೇಳಿದಳು, ನಾನು ಕೇಳಲಿಲ್ಲ. ಹೆಂಡತಿಯ ಮಣಿಕಟ್ಟು ಸೋತ ಮೇಲೆ ಹತ್ತು ವರ್ಷದಿಂದ ಈ ಮನೆಯ ಮುದ್ದೆ ನನ್ನದೇ. ನಾನು ತಿರುವಿದ ಮುದ್ದೆಯಲ್ಲಿ ಗಂಟು ಸಿಕ್ಕಿತೆಂದು ಹೇಳಿದವರಿಲ್ಲ. ಪಾತ್ರೆಗೆ ನೀರು ಹೊಯ್ದು ಒಲೆಗಿಟ್ಟು, ಮುದ್ದೆ ಕೋಲು ತೆಗೆದುಕೊಂಡು ಕೊಳವೆ ಎಂಬ ಕೊಳವೆಯನ್ನೆಲ್ಲ ಒಡೆದು, ನುಣ್ಣಗಾಗುವವರೆಗೆ ತಿರುವಿ, ಟ್ರೇಗೆ ತಟ್ಟಿ, ಮೇಲೆ ಆಕೆಯ ಸಾಸು ಸುರಿದಿಟ್ಟೆ. ನೀರು ಹೊತ್ತು ಒದ್ದೆಯಾಗಿ ಬಂದ ತ್ರಿವೇಣಿ, "ನೀವೇ ತುಂಬಿಟ್ರಾ ಮಾವ, ಬಾಳ ಒಳ್ಳೇದಾಯ್ತು" ಎಂದು ಚೀಸು ಉದುರಿಸಿ ಬೇಕರಿಗೆ ಓಡಿದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಮೂರು ಹಾಳೆ ತುಂಬ ತಮ್ಮನ್ನು ಡೊಂಕು ಎಂದಿದ್ದೇನೆ.

ಆದರೂ ನನ್ನ ಕೊನೆಯ ಬೇಡಿಕೆ ಹಾಗೆಯೇ ನಿಲ್ಲುತ್ತದೆ. ತಾವು ಒಂದು ಸುಳ್ಳು ಹೇಳಿದರೆ ತಮ್ಮ ಐದು ಲಕ್ಷದಲ್ಲಿ ನಾಲ್ಕು ಮಂದಿ ಕಡಿಮೆಯಾದಾರು. ನಾನು ನಿಜ ಹೇಳಬೇಕೆಂದರೆ ನನಗಿರುವ ಸೊಸೆ ಒಬ್ಬಳೇ. ಹದಿನೈದು ದಿನದಿಂದ ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಆಕೆ ದಣಿದು ಬಂದಿರುತ್ತಾಳೆ, ನಾನು ಊಟ ಮಾಡಮ್ಮ ಎಂದು ತಟ್ಟೆ ಹಾಕುತ್ತೇನೆ. ತಮಗೆ ನಾಚಿಕೆ ಕಡಿಮೆ ಎಂಬ ನಂಬಿಕೆಯಿಂದಲೇ ಈ ಕೆಲಸವನ್ನು ತಮಗೆ ಒಪ್ಪಿಸಲು ಬಯಸಿದ್ದೇನೆ.

ತಮ್ಮ ಮೇಲೆ ಇಷ್ಟಾದರೂ ಭರವಸೆ ಉಳಿಸಿಕೊಂಡಿರುವ,

ತಮ್ಮ ವಿಶ್ವಾಸಿ,
ಶ್ರೀನಿವಾಸಪ್ಪ

ವಿ.ಸೂ.: ಇಷ್ಟು ಬರೆದ ಮೇಲೆ ವಿಚಾರಿಸಲಾಗಿ, ತಾವು ಅಂಚೆಯ ಕಾಗದ ತೆಗೆದುಕೊಳ್ಳುವುದಿಲ್ಲವೆಂದೂ, ಏನಿದ್ದರೂ ವಿಡಿಯೊದ ಕೆಳಗೆ ಒತ್ತಿ ಕಳುಹಿಸಬೇಕೆಂದೂ ತಿಳಿಯಿತು. ನನಗೆ ಅದು ಬಾರದು. ಈ ಮನೆಯಲ್ಲಿ ಬರುವುದು ತ್ರಿವೇಣಿಯೊಬ್ಬಳಿಗೇ. ಎರಡು ದಿನ ಯೋಚಿಸಿದೆ. ನಾಳೆ ಈ ಹಾಳೆಗಳನ್ನು ಮಡಿಚಿ ಆಕೆಯ ಊಟದ ಚೀಲದಲ್ಲಿಟ್ಟು, ಇದನ್ನು ಒತ್ತಿ ಕಳಿಸಮ್ಮ ಎಂದಷ್ಟೇ ಹೇಳುವವನಿದ್ದೇನೆ. ಆದ್ದರಿಂದ ತಾವು ಈ ಸಾಲನ್ನು ಓದುತ್ತಿದ್ದೀರೆಂದರೆ, ಆಕೆ ತಮಗಿಂತ ಮುಂಚೆಯೇ ಓದಿದ್ದಾಳೆ, ಓದಿಯೂ ಕಳಿಸಿದ್ದಾಳೆ. ಹಾಗಾಗಿದ್ದರೆ ಸುಳ್ಳು ಹೇಳುವ ಶ್ರಮ ತಮಗೆ ಬೇಡ. ತಮ್ಮ ಪಾಡಿಗೆ ಏನನ್ನಾದರೂ ಬೇಯಿಸಿಕೊಂಡಿರಿ, ಎಷ್ಟು ನಿಮಿಷವಾದರೂ.